ಹಳೆಯ ಯಂತ್ರದೊಳಗೆ ಇನ್ನೂ ಹಳೆಯ ಯಂತ್ರ: ಮಂಡ್ಯ ಸೀಮೆಯ ಉಪಭಾಷಾ ಕಡತಗಳೂ ವರ್ಚುವಲ್ ಯಂತ್ರದ ಬಳಕೆಯೂ

ಸಾರಾಂಶ

ಫಾಂಟ್ ಆಧಾರಿತ ಸಂಕೇತೀಕರಣದಲ್ಲಿ ಬೆರಳಚ್ಚಾದ ಉಪಭಾಷಾ ಸಾಮಗ್ರಿಯನ್ನು ಯೂನಿಕೋಡಿಗೆ ತರುವಾಗ ಮೂಲದ ಯಾವ ಭೇದಗಳು ಅಳಿದುಹೋಗುತ್ತವೆ, ಅವುಗಳನ್ನು ಪತ್ತೆಹಚ್ಚುವುದು ಹೇಗೆ ಎಂಬುದು ಈ ಲೇಖನದ ವಿಷಯ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪದಪಟ್ಟಿಗಳೊಡನೆ ಕೆಲಸಮಾಡಿದ ಅನುಭವದ ಆಧಾರದಿಂದ, ಮೂಲ ಕಂಪ್ಯೂಟರಿನ ಇಡೀ ಪರಿಸರವನ್ನು ವರ್ಚುವಲ್ ಯಂತ್ರವಾಗಿ ಉಳಿಸಿಕೊಂಡು, ಪರಿವರ್ತಿತ ಪಠ್ಯವನ್ನು ಅದರೊಡನೆ ತಾಳೆನೋಡಬೇಕೆಂದು ಇಲ್ಲಿ ವಾದಿಸಲಾಗಿದೆ.

ಪ್ರಮುಖ ಪದಗಳು: ಉಪಭಾಷಾ ದಾಖಲೀಕರಣ, ಸಂಕೇತೀಕರಣ, ಯೂನಿಕೋಡ್, ವರ್ಚುವಲ್ ಯಂತ್ರ, ಮಂಡ್ಯ ಕನ್ನಡ

೧. ‘ಬಞಡ’

‘ಬಞಡ’ ಎಂಬ ಪದ ಕನ್ನಡದ ಯಾವ ಉಪಭಾಷೆಯಲ್ಲಿಯೂ ಇಲ್ಲ. ಆದರೂ ನಾವು ಯೂನಿಕೋಡಿಗೆ ಪರಿವರ್ತಿಸಿಕೊಂಡ ಪದಪಟ್ಟಿಯೊಂದರಲ್ಲಿ ಅದು ಕಾಣಿಸಿಕೊಂಡಿತು. ಅದರ ಜೊತೆಗೆ ‘ಮಞಲೆ’, ‘ಪಞಟೆ’ ಎಂಬ ರೂಪಗಳೂ ಇದ್ದವು. ಸುಮಾರು ಎರಡು ದಶಕಗಳ ಹಿಂದೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಗ್ರಹವಾಗಿ, ನುಡಿ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚಾಗಿದ್ದ ಪಟ್ಟಿಗಳು ಅವು. ಅರ್ಥದ ಕಲಮಿನಲ್ಲಿ ಅನುಕ್ರಮವಾಗಿ ‘ಬೇಡ’, ‘ಮೇಲೆ’, ‘ಪೇಟೆ’ ಎಂದಿತ್ತು. ಬೆರಳಚ್ಚಿನ ದೋಷವೆಂದು ಭಾವಿಸಿ ನಾವು ಅವನ್ನು ಶಿಷ್ಟರೂಪಕ್ಕೆ ತಿದ್ದತೊಡಗಿದೆವು. ಎರಡು ಕಡತಗಳನ್ನು ಹೀಗೆ ತಿದ್ದಿ ಮುಗಿಸಿಯೂ ಇದ್ದೆವು.

ದೋಷ ಬೆರಳಚ್ಚಿನದಲ್ಲ, ನಮ್ಮದು ಎಂಬುದು ತಿಳಿದದ್ದು ಆಕಸ್ಮಿಕವಾಗಿ. ವಿಲೇವಾರಿಗೆಂದು ಮೂಲೆಯಲ್ಲಿರಿಸಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ತೆರೆದಾಗ ಞಕಾರದ ಜಾಗದಲ್ಲಿ ಬೇರೊಂದು ಚಿಹ್ನೆ ಕಂಡಿತು. ಮಂಡ್ಯ ಸೀಮೆಯವರು ‘ಬ್ಯಾಡ’, ‘ಮ್ಯಾಲೆ’, ‘ಪ್ಯಾಟೆ’ ಎನ್ನುವಾಗ ಕೇಳಿಬರುವ ವಿವೃತ ದೀರ್ಘಸ್ವರವನ್ನು ಸೂಚಿಸಲು ಕ್ಷೇತ್ರಕಾರ್ಯ ಮಾಡಿದವರು ಫಾಂಟನ್ನೇ ಮಾರ್ಪಡಿಸಿದ್ದರು. ಈ ಭಾಗದ ಮಾತಿನಲ್ಲಿ ಸ್ವತಂತ್ರವಾಗಿ ಬಾರದ ಞಕಾರದ ಆಕೃತಿಯನ್ನು ಅಳಿಸಿ ಅಲ್ಲಿ ತಮ್ಮ ಚಿಹ್ನೆಯನ್ನು ಬರೆದುಕೊಂಡಿದ್ದರು. ಫಾಂಟಿನ ಹೆಸರನ್ನು ಮಾತ್ರ ಬದಲಿಸಿರಲಿಲ್ಲ. ಹಾಗಾಗಿ ಅದೇ ಹೆಸರಿನ ಮೂಲ ಫಾಂಟ್ ಇರುವ ಬೇರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕಡತ ಯಾವ ಎಚ್ಚರಿಕೆಯನ್ನೂ ಕೊಡದೆ ಞಕಾರವನ್ನೇ ತೋರಿಸುತ್ತಿತ್ತು.

ಆ ಚಿಹ್ನೆಯ ಅಗತ್ಯವೇನಿತ್ತು ಎಂದು ಕೇಳಬಹುದು. ರೂಢಿಯ ಲಿಪಿಯಲ್ಲಿ ‘ಬ್ಯಾಡ’ ಎಂದೇ ಬರೆಯಬಹುದಲ್ಲವೆ? ಬರೆಯಬಹುದು, ಆದರೆ ‘ಸತ್ಯಾನೇ ಏಳ್ತೀನಿ’ ಎಂಬ ವಾಕ್ಯದ ‘ತ್ಯಾ’ದಲ್ಲಿ ತಕಾರದ ನಂತರ ಯಕಾರವೂ ಆಕಾರವೂ ನಿಜವಾಗಿ ಇವೆ, ‘ಬ್ಯಾಡ’ದ ‘ಬ್ಯಾ’ದಲ್ಲಿ ಇರುವುದು ಒಂದು ವ್ಯಂಜನ, ಒಂದು ಸ್ವರ. ಕನ್ನಡ ಬರವಣಿಗೆ ಇವೆರಡನ್ನೂ ಒಂದೇ ರೀತಿ ಬರೆಯುತ್ತದೆ. ಈ ಭೇದವನ್ನು ಕಿವಿಯಿಂದ ಹಿಡಿದು ಕಾಗದಕ್ಕಿಳಿಸಿದವರ ಶ್ರಮ ನಿಂತಿದ್ದುದು ಒಂದು ಹಳೆಯ ಕಂಪ್ಯೂಟರಿನ ಫಾಂಟ್ ಕಡತಕೋಶದಲ್ಲಿದ್ದ ಒಂದೇ ಒಂದು ಕಡತದ ಮೇಲೆ. ಧ್ವನಿಮುದ್ರಿಕೆಗಳು ಉಳಿದಿಲ್ಲ. ಮಾಹಿತಿ ಕೊಟ್ಟ ಹಿರಿಯರಲ್ಲಿ ಹಲವರು ಈಗಿಲ್ಲ.

೨. ಆಕೃತಿಯ ಸಂಕೇತ, ಅಕ್ಷರದ ಸಂಕೇತ

ಇಂತಹ ನಷ್ಟ ಏಕೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ಆ ಕಾಲದ ಸಂಕೇತೀಕರಣದ ಸ್ವರೂಪವನ್ನು ನೋಡಬೇಕು. ನುಡಿಯಂತಹ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳಿಗೂ ಯುರೋಪಿನ ವಿಶೇಷ ಅಕ್ಷರಗಳಿಗೂ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಮಟ್ಟಿಗೆ ಆ ಪಠ್ಯ ಕನ್ನಡವೇ ಅಲ್ಲ; ಫಾಂಟ್ ತೊಡಿಸಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ.

ನಮ್ಮ ಮೂರು ಊರುಗಳ ಹೆಸರುಗಳನ್ನೇ ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ‘ಮಂಡ್ಯ’ ಐದು ಸಂಕೇತಗಳ ಸರಣಿ: ಮ, ಅನುಸ್ವಾರ, ಡ, ವಿರಾಮ, ಯ. ಫಾಂಟ್ ಸಂಕೇತದಲ್ಲಿ ಅದೇ ಪದ ಏಳು ಸ್ಥಾನಗಳನ್ನು ಆಕ್ರಮಿಸುತ್ತದೆ. ಮೊದಲನೆಯದು ವಕಾರದ ಒಡಲು, ಎರಡನೆಯದು ತಲೆಕಟ್ಟು, ಮೂರನೆಯದು ಬಲಕ್ಕೆ ಅಂಟುವ ಕೊಂಡಿ. ಈ ಮೂರೂ ಸೇರಿ ‘ಮ’. ಅನಂತರ ಅನುಸ್ವಾರ, ಡಕಾರದ ಒಡಲು, ಮತ್ತೊಂದು ತಲೆಕಟ್ಟು, ಯಕಾರದ ಒತ್ತು. ಎಂದರೆ ಇಲ್ಲಿ ‘ಮ’ ಎಂಬುದಕ್ಕೆ ಪ್ರತ್ಯೇಕ ಅಸ್ತಿತ್ವವಿಲ್ಲ. ಅದು ಕೊಂಡಿ ಅಂಟಿಸಿಕೊಂಡ ‘ವ’. ಇಂತಹ ಕಡತದಲ್ಲಿ ವಕಾರದ ಒಡಲಿನ ಸಂಕೇತವನ್ನಷ್ಟೇ ಎಣಿಸಿ ವಕಾರದ ಆವೃತ್ತಿಯೆಂದು ವರದಿಮಾಡಿದವರು ಮಕಾರವನ್ನೂ ಅದರಲ್ಲಿ ಸೇರಿಸಿಬಿಟ್ಟಿರುತ್ತಾರೆ.

‘ಮದ್ದೂರು’ ಇನ್ನೂ ಕುತೂಹಲಕರ. ಯೂನಿಕೋಡಿನಲ್ಲಿ ಏಳು ಸಂಕೇತಗಳು, ಫಾಂಟಿನಲ್ಲಿ ಹತ್ತು. ಆ ಹತ್ತರಲ್ಲಿ ಮೂರನೆಯದೂ ಕೊನೆಯದೂ ಒಂದೇ ಸಂಕೇತ. ಮೊದಲ ಕಡೆ ಅದು ವಕಾರವನ್ನು ಮಕಾರವಾಗಿಸುವ ಕೊಂಡಿ. ಕೊನೆಯಲ್ಲಿ ‘ರು’ವಿನ ಉಕಾರ. ಆಕೃತಿಯನ್ನು ಮಾತ್ರ ಬಲ್ಲ ಸಂಕೇತಕ್ಕೆ ಇವೆರಡರ ನಡುವೆ ವ್ಯತ್ಯಾಸವಿಲ್ಲ. ‘ವು’ ಬರೆಯಲು ಇದೇ ಕೊಂಡಿಯನ್ನು ಬಳಸಿದರೆ ಅದು ‘ಮ’ ಆಗಿಬಿಡುತ್ತದೆಯಾದ್ದರಿಂದ ವಕಾರಕ್ಕೂ ಪಕಾರಕ್ಕೂ ಕೆಳಗಿಳಿಯುವ ಬೇರೊಂದು ಉಕಾರವನ್ನು ಇಟ್ಟಿದ್ದಾರೆ. ಲಿಪಿಯ ಇತಿಹಾಸವನ್ನು ಬಲ್ಲವರು ಇಲ್ಲಿ ಮುಗುಳ್ನಗಬಹುದು. ಇದೇ ಪದದಲ್ಲಿ ‘ದ್ದೂ’ವಿನ ಊಕಾರ ಮೊದಲು ಬಂದು, ದಕಾರದ ಒತ್ತು ಆಮೇಲೆ ಬರುತ್ತದೆ. ಉಚ್ಚಾರದಲ್ಲಿ ಎರಡು ದಕಾರಗಳಾದ ಮೇಲೆ ಸ್ವರ. ಕಡತದಲ್ಲಿ ಒಂದು ದಕಾರ, ಸ್ವರ, ಆಮೇಲೆ ಇನ್ನೊಂದು ದಕಾರ. ‘ಮಳವಳ್ಳಿ’ಯಲ್ಲಿ ‘ಳಿ’ ಎಂಬುದೇ ಒಂದು ಅಖಂಡ ಆಕೃತಿ; ಒತ್ತು ಅದರ ಹಿಂದೆ ಬರುತ್ತದೆ. ‘ಕರ್ನಾಟಕ’ದ ಅರ್ಕಾವೊತ್ತು ‘ನಾ’ ಮುಗಿದ ಮೇಲೆ ಕುಳಿತಿರುತ್ತದೆ. ಯೂನಿಕೋಡ್ ಉಚ್ಚಾರಕ್ರಮವನ್ನು ಅನುಸರಿಸಿದರೆ ಇದು ದೃಶ್ಯಕ್ರಮವನ್ನು ಅನುಸರಿಸುತ್ತದೆ.

ಆದಕಾರಣ ಪರಿವರ್ತನೆ ಎಂಬುದು ಸಂಕೇತಕ್ಕೆ ಸಂಕೇತವನ್ನು ಕೊಡುವ ಪಟ್ಟಿಯಲ್ಲ, ಅದೊಂದು ವಿಶ್ಲೇಷಣೆ. ಪರಿವರ್ತಕವು ಪ್ರತಿಯೊಂದು ಕೊಂಡಿಯ ಹಿಂದುಮುಂದನ್ನು ನೋಡಿ ಅದು ಮಕಾರದ ಅಂಗವೋ ಉಕಾರವೋ ಎಂದು ನಿರ್ಧರಿಸಬೇಕು. ಶಿಷ್ಟಕನ್ನಡದ ಪಠ್ಯಕ್ಕೆ ಈಗಿನ ಪರಿವರ್ತಕಗಳು ಈ ಕೆಲಸವನ್ನು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತವೆ. ತೊಡಕಿರುವುದು ಉಪಭಾಷಾ ದಾಖಲೆಗಳಲ್ಲಿ. ರೂಢಿಯಲ್ಲಿಲ್ಲದ ಜೋಡಣೆಗಳು, ಸೊನ್ನೆಯನ್ನೇ ಅನುಸ್ವಾರವಾಗಿ ಒತ್ತಿದ ಕಡೆಗಳು, ಸ್ವಂತವಾಗಿ ತಿದ್ದಿಕೊಂಡ ಆಕೃತಿಗಳು ಇವುಗಳ ಎದುರಿಗೆ ಪರಿವರ್ತಕ ತನಗೆ ತಿಳಿದ ಕನ್ನಡವನ್ನು ಹೇರುತ್ತದೆ. ಯಾವ ಲಕ್ಷಣಗಳಿಗಾಗಿ ಆ ದಾಖಲೆಯನ್ನು ಸಂಗ್ರಹಿಸಲಾಯಿತೋ ಅವೇ ಮೊದಲು ಹೋಗುತ್ತವೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ಥಾನವಿತ್ತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಅದನ್ನು ತೋರಿಸಲೂ ಶಕ್ತವಾಗಿತ್ತು. ಆದರೂ ಫಾಂಟ್ ಸಂಕೇತ ಬಹುಕಾಲ ಉಳಿದದ್ದಕ್ಕೆ ಅಚ್ಚಿನ ಮನೆಗಳ ಅಗತ್ಯವೂ ಒಂದು ಕಾರಣ. ಪುಟವಿನ್ಯಾಸಕ್ಕೆ ಎಲ್ಲೆಡೆ ಬಳಕೆಯಲ್ಲಿದ್ದ ಪೇಜ್‌ಮೇಕರ್ ತನ್ನ ಕೊನೆಯ ಆವೃತ್ತಿಯವರೆಗೂ ಯೂನಿಕೋಡನ್ನು ಅರಿಯಲಿಲ್ಲ.

೩. ಕಡತವಷ್ಟೇ ದಾಖಲೆಯಲ್ಲ

ಸ್ಟೀವನ್ ಬರ್ಡ್ ಮತ್ತು ಗ್ಯಾರಿ ಸೈಮನ್ಸ್ ಅವರು ೨೦೦೩ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಭಾಷಾ ದಾಖಲೆಗಳ ಒಯ್ಯುವಿಕೆಯ ಏಳು ಆಯಾಮಗಳನ್ನು ಚರ್ಚಿಸಿದ್ದರು. ಒಂದು ತಂತ್ರಾಂಶಕ್ಕೆ ಕಟ್ಟುಬಿದ್ದ ಸ್ವರೂಪದಲ್ಲಿ ಸಾಮಗ್ರಿಯನ್ನು ಇಡಬಾರದೆಂಬುದು ಅವರ ಕಾಳಜಿಗಳಲ್ಲಿ ಮುಖ್ಯವಾದದ್ದು. ಅದನ್ನು ನಾವು ಒಪ್ಪುತ್ತೇವೆ. ಆದರೆ ಆಗಲೇ ಕಟ್ಟುಬಿದ್ದಿರುವ ಸಾಮಗ್ರಿಯ ಗತಿಯೇನು? ನಮ್ಮ ಪದಪಟ್ಟಿಗಳ ವಿಷಯದಲ್ಲಿ ದಾಖಲೆಯೆಂದರೆ ಕಡತ, ಮಾರ್ಪಟ್ಟ ಫಾಂಟ್, ಅದನ್ನು ತೋರಿಸುವ ತಂತ್ರಾಂಶ, ಅದು ನಡೆಯುವ ಕಾರ್ಯಾಚರಣ ವ್ಯವಸ್ಥೆ ಈ ನಾಲ್ಕೂ ಸೇರಿದ್ದು. ನಾಲ್ಕನ್ನೂ ಒಟ್ಟಿಗೆ ಎತ್ತಿ ಇನ್ನೊಂದು ಯಂತ್ರದೊಳಗೆ ಇರಿಸುವ ಉಪಾಯವೇ ವರ್ಚುವಲ್ ಯಂತ್ರ.

ಇದು ಹೊಸ ವಿಚಾರವೇನಲ್ಲ. ಐಬಿಎಂ ೧೯೬೪ರಲ್ಲಿ ಸಿಸ್ಟಂ ೩೬೦ ಸರಣಿಯನ್ನು ಪ್ರಕಟಿಸಿದಾಗ, ಗ್ರಾಹಕರು ತಮ್ಮ ಹಳೆಯ ೧೪೦೧ ಯಂತ್ರದ ಕ್ರಮವಿಧಿಗಳನ್ನು ಬಿಟ್ಟುಕೊಡಲಾರರೆಂದು ಅರಿತು, ಹೊಸ ಯಂತ್ರಗಳಲ್ಲಿ ಹಳೆಯದರ ಅನುಕರಣೆಗೆ ವ್ಯವಸ್ಥೆ ಮಾಡಿತ್ತು. ಅದೇ ಸಂಸ್ಥೆಯ ವಿಎಂ ೩೭೦ ಬಂದದ್ದು ೧೯೭೨ರಲ್ಲಿ. ಯಂತ್ರಾಂಶದ ಸ್ಥಿತ್ಯಂತರವಾದಾಗಲೆಲ್ಲ ಈ ಪ್ರಶ್ನೆ ಮರಳಿ ಬಂದಿದೆ.

ಇಲ್ಲಿ ಎರಡು ವಿಧಾನಗಳನ್ನು ಬೇರೆಯಾಗಿ ಗ್ರಹಿಸಬೇಕು. ಆತಿಥೇಯ ಯಂತ್ರದ ಸಂಸ್ಕಾರಕವೂ ಅತಿಥಿ ವ್ಯವಸ್ಥೆ ನಿರೀಕ್ಷಿಸುವ ಸಂಸ್ಕಾರಕವೂ ಒಂದೇ ಆದೇಶಭಾಷೆಯವಾದರೆ, ಅತಿಥಿಯ ಹೆಚ್ಚಿನ ಆದೇಶಗಳು ನೇರವಾಗಿ ನಡೆಯುತ್ತವೆ. ಮೇಲ್ವಿಚಾರಕ ತಂತ್ರಾಂಶ ಅಗತ್ಯವಿದ್ದಾಗ ಮಾತ್ರ ನಡುವೆ ಬರುತ್ತದೆ. ಇದು ವರ್ಚುವಲೀಕರಣ. ಭಾಷೆಗಳು ಬೇರೆಯಾದರೆ ಪ್ರತಿಯೊಂದು ಆದೇಶವನ್ನೂ ಅನುವಾದಿಸಬೇಕಾಗುತ್ತದೆ, ಅದು ಅನುಕರಣೆ. ಮೊದಲನೆಯದು ಒಂದೇ ಭಾಷೆಯವರ ಸಂಭಾಷಣೆ, ಎರಡನೆಯದು ದುಭಾಷಿಯ ಮೂಲಕ ನಡೆಯುವ ಸಂಭಾಷಣೆ. ದುಭಾಷಿ ಎಷ್ಟೇ ನಿಪುಣನಾದರೂ ನಿಧಾನ ತಪ್ಪದು. ಆಪಲ್ ಸಂಸ್ಥೆ ೨೦೨೦ರಲ್ಲಿ ಇಂಟೆಲ್ ಸಂಸ್ಕಾರಕಗಳಿಂದ ತನ್ನದೇ ಆರ್ಮ್ ಸಂಸ್ಕಾರಕಗಳಿಗೆ ಹೊರಳಿದ ಮೇಲೆ ಆ ಹೊಸ ಯಂತ್ರಗಳಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಎರಡನೆಯ ವಿಧಾನದಿಂದ ಮಾತ್ರ ನಡೆಸಬಹುದು. ಹಳೆಯ ಇಂಟೆಲ್ ಯಂತ್ರಕ್ಕೆ ಬೆಲೆ ಬಂದಿರುವುದು ಈ ಕಾರಣದಿಂದಲೇ.

೪. ನಡುಪ್ರಾಯದ ಕಂಪ್ಯೂಟರ್

ವಿಂಡೋಸ್ ೧೦ಕ್ಕೆ ಉಚಿತ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ವಿಂಡೋಸ್ ೧೧ ಟಿಪಿಎಂ ೨.೦ ಎಂಬ ಭದ್ರತಾ ಘಟಕವನ್ನೂ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕವನ್ನೂ ಬೇಡುತ್ತದೆ. ಹೀಗಾಗಿ ಹತ್ತು ಹನ್ನೆರಡು ವರ್ಷ ಹಳೆಯದಾದ, ಕೆಟ್ಟಿರದ ಕಂಪ್ಯೂಟರುಗಳು ವಿಭಾಗಗಳಿಂದ ಒಟ್ಟೊಟ್ಟಿಗೆ ಹೊರಹೋಗುತ್ತಿವೆ. ಅವುಗಳ ಪಕ್ಕದಲ್ಲಿ ಎಲ್ಲೋ ಒಂದು ಎಕ್ಸ್‌ಪಿ ಕಾಲದ ಯಂತ್ರ ಧೂಳು ಹಿಡಿದು ಕುಳಿತಿರುತ್ತದೆ. ನಮ್ಮ ಸಲಹೆ ಸರಳವಾದದ್ದು: ಮುದಿ ಯಂತ್ರದ ಒಡಲನ್ನು ನಡುಪ್ರಾಯದ ಯಂತ್ರದೊಳಗೆ ಇರಿಸಬೇಕು, ತಾಳೆನೋಡುವ ಕೆಲಸ ಮುಗಿಯುವವರೆಗೆ ಎರಡನೆಯದನ್ನು ವಿಲೇವಾರಿಗೆ ಕೊಡಬಾರದು.

ಹೊಸ ಇಂಟೆಲ್ ಯಂತ್ರದಲ್ಲಿಯೂ ಇದನ್ನು ಮಾಡಬಹುದು, ಸಂದೇಹವಿಲ್ಲ. ಆದರೆ ಹೊಸ ಯಂತ್ರಗಳಲ್ಲಿ ತಂತ್ರಾಂಶ ಸ್ಥಾಪಿಸುವ ಅಧಿಕಾರ ಅಧ್ಯಾಪಕರ ಕೈಯಲ್ಲಿ ಇರುವುದು ಅಪರೂಪ. ಹಳೆಯ ಯಂತ್ರವನ್ನು ಜಾಲದಿಂದ ಸಂಪೂರ್ಣ ಬೇರ್ಪಡಿಸಿ ಇದೊಂದೇ ಕೆಲಸಕ್ಕೆ ಮೀಸಲಿಡುವುದು ಸುಲಭ. ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರ ನಂತರ ನಿಯಮಿತ ಭದ್ರತಾ ಪರಿಷ್ಕರಣೆಗಳಿಲ್ಲವಾದ್ದರಿಂದ ಈ ಬೇರ್ಪಡಿಕೆ ಅನಿವಾರ್ಯವೂ ಹೌದು.

ಮೊದಲು ನೋಡಬೇಕಾದದ್ದು ಸಂಸ್ಕಾರಕದಲ್ಲಿ ವರ್ಚುವಲೀಕರಣದ ಬೆಂಬಲ ಇದೆಯೇ ಎಂಬುದನ್ನು. ಇಂಟೆಲ್ ೨೦೦೫ರಲ್ಲಿ, ಎಎಂಡಿ ೨೦೦೬ರಲ್ಲಿ ಇದನ್ನು ಒದಗಿಸತೊಡಗಿದವು. ಆದರೆ ಕಡಮೆ ಬೆಲೆಯ ಕೆಲವು ಪೆಂಟಿಯಂ ಮಾದರಿಗಳಲ್ಲಿ ಅನಂತರವೂ ಅದಿರಲಿಲ್ಲ. ಇದ್ದರೂ ಹಲವು ಯಂತ್ರಗಳ ಬಯಾಸ್‌ನಲ್ಲಿ ಅದು ಕಾರ್ಖಾನೆಯಿಂದಲೇ ನಿಷ್ಕ್ರಿಯವಾಗಿ ಬಂದಿರುತ್ತದೆ. ಯಂತ್ರ ಅಯೋಗ್ಯವೆಂದು ತೀರ್ಮಾನಿಸುವ ಮುನ್ನ ಆ ಒಂದು ಆಯ್ಕೆಯನ್ನು ಪರೀಕ್ಷಿಸಬೇಕು. ವರ್ಚುವಲ್‌ಬಾಕ್ಸ್ ತಂತ್ರಾಂಶ ೬.೦ರಿಂದ ೩೨ ಬಿಟ್ ಆತಿಥೇಯಗಳನ್ನೂ, ೬.೧ರಿಂದ ಈ ಬೆಂಬಲವಿಲ್ಲದ ಸಂಸ್ಕಾರಕಗಳನ್ನೂ ಕೈಬಿಟ್ಟಿದೆ. ಅಂತಹ ಯಂತ್ರಗಳಿಗೆ ಕ್ಯೂಎಂಯು ಎಂಬ ಅನುಕರಣ ತಂತ್ರಾಂಶ ಉಳಿದಿರುವ ದಾರಿ. ನಿಧಾನವಾದರೂ ಪದಪಟ್ಟಿಯನ್ನು ತೆರೆದು ಓದಲು ಅಷ್ಟು ಸಾಕು.

ನಾಲ್ಕು ಗಿಗಾಬೈಟ್ ಸ್ಮೃತಿಯ ಯಂತ್ರ ಇಂದಿನ ಕೆಲಸಕ್ಕೆ ಬಡವಾಗಿ ಕಾಣಬಹುದು. ಆದರೆ ಎಕ್ಸ್‌ಪಿಯ ಕನಿಷ್ಠ ಬೇಡಿಕೆ ೬೪ ಮೆಗಾಬೈಟ್. ಅದಕ್ಕೆ ೫೧೨ ಮೆಗಾಬೈಟ್, ಒಂದು ಸಂಸ್ಕಾರಕ ತಿರುಳು ಕೊಟ್ಟರೆ ತನ್ನ ಕಾಲದಲ್ಲಿ ಓಡಿದ್ದಕ್ಕಿಂತ ಚುರುಕಾಗಿ ಓಡುತ್ತದೆ. ಆತಿಥೇಯ ವ್ಯವಸ್ಥೆಯಾಗಿ ಹಗುರವಾದ ಲಿನಕ್ಸ್ ಸಾಕು. ಹಣ ಖರ್ಚುಮಾಡುವುದಾದರೆ ಸ್ಮೃತಿಗಿಂತ ಮೊದಲು ಘನಸ್ಥಿತಿಯ ಸಂಗ್ರಹಕ್ಕೆ ಮಾಡುವುದು ಲೇಸು; ಹಳೆಯ ತಿರುಗುವ ಡಿಸ್ಕಿನ ಮೇಲೆ ಆತಿಥೇಯ, ಅತಿಥಿ ಎರಡೂ ಒಟ್ಟಿಗೆ ಓದಲು ಹೊರಟಾಗ ಯಂತ್ರ ನಿಂತೇಹೋದಂತಾಗುತ್ತದೆ.

ಮುದಿ ಯಂತ್ರದ ಡಿಸ್ಕನ್ನು ನಕಲಿಸುವಾಗ ಬೇಕಾದ ಕಡತಗಳನ್ನಷ್ಟೇ ಆರಿಸಿಕೊಳ್ಳಬಾರದು. ಇಡೀ ಡಿಸ್ಕಿನ ಬಿಂಬವನ್ನು ತೆಗೆಯಬೇಕು. ನಮ್ಮಲ್ಲಿ ಹಿಂದೆ ಒಮ್ಮೆ ‘ಮುಖ್ಯ ಕಡತಗಳನ್ನು’ ಮಾತ್ರ ಉಳಿಸಿಕೊಂಡಾಗ ಫಾಂಟ್ ಮುಖ್ಯವೆಂದು ಯಾರಿಗೂ ತೋಚಿರಲಿಲ್ಲ. ಬಿಂಬಕ್ಕೆ ಪರಿಶೀಲನಾ ಸಂಖ್ಯೆಯನ್ನು ಲೆಕ್ಕಹಾಕಿಟ್ಟು, ಮೂಲ ಬಿಂಬವನ್ನು ಮುಟ್ಟದೆ, ಅದರ ಪ್ರತಿಯನ್ನು ವರ್ಚುವಲ್ ಡಿಸ್ಕಾಗಿ ಪರಿವರ್ತಿಸಿಕೊಳ್ಳಬೇಕು. ಮೊದಲ ಬಾರಿ ತೆರೆದಾಗ ನೀಲಿ ಪರದೆ ಎದುರಾದರೆ ಎದೆಗುಂದಬೇಕಿಲ್ಲ. ಹಳೆಯ ಎಕ್ಸ್‌ಪಿಗೆ ಹೊಸ ಬಗೆಯ ಡಿಸ್ಕ್ ನಿಯಂತ್ರಕದ ಪರಿಚಯವಿರುವುದಿಲ್ಲ. ವರ್ಚುವಲ್ ಡಿಸ್ಕನ್ನು ಐಡಿಇ ನಿಯಂತ್ರಕಕ್ಕೆ ಜೋಡಿಸಿದರೆ ಅನೇಕ ವೇಳೆ ತೊಂದರೆ ಪರಿಹಾರವಾಗುತ್ತದೆ. ಯಂತ್ರಾಂಶ ಬದಲಾದುದನ್ನು ಗಮನಿಸಿ ವಿಂಡೋಸ್ ಮತ್ತೆ ಸಕ್ರಿಯಗೊಳಿಸಲು ಕೇಳಬಹುದು. ಕಂಪ್ಯೂಟರಿನೊಡನೆ ಬಂದ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಸಲ್ಲುವುದರಿಂದ ಸಂಸ್ಥೆಯ ಬಳಿ ಸೂಕ್ತ ಪರವಾನಗಿ ಇದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು.

ಸ್ಥಿತಿಚಿತ್ರ ಉಳಿಸುವ ಸೌಲಭ್ಯವನ್ನು ಬಳಸಿ, ಪ್ರತಿ ದಿನದ ಕೆಲಸವನ್ನು ಅದೇ ಆರಂಭಸ್ಥಿತಿಯಿಂದ ಶುರುಮಾಡುವುದು ಉತ್ತಮ. ಕರೆಂಟು ಹೋದಾಗ ತೆರೆದಿದ್ದ ವರ್ಚುವಲ್ ಡಿಸ್ಕ್ ಹಾಳಾಗುವ ಸಂಭವವಿದೆ. ಅದನ್ನು ನಾವು ಬೇಸಿಗೆಯ ಒಂದು ಮಧ್ಯಾಹ್ನ ಕಲಿತೆವು. ಮೂಲ ಬಿಂಬ ಬೇರೆಡೆ ಇದ್ದುದರಿಂದ ಹೋದದ್ದು ಎರಡು ಗಂಟೆಯ ಕೆಲಸವಷ್ಟೇ.

ಈ ಉಪಾಯಕ್ಕೆ ಮಿತಿಗಳೂ ಇವೆ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಬಳಸಿ ಡಾಸ್ ಕಾಲದಲ್ಲಿ ಸಿದ್ಧವಾದ ಸಾಮಗ್ರಿಯಲ್ಲಿ ಲಿಪಿಯನ್ನು ಮೂಡಿಸುತ್ತಿದ್ದುದು ಕಂಪ್ಯೂಟರಿನೊಳಗೆ ಸಿಕ್ಕಿಸಿದ ಫಲಕ. ಸಾಮಾನ್ಯ ವರ್ಚುವಲ್ ಯಂತ್ರ ಆ ಫಲಕವನ್ನು ಕಲ್ಪಿಸಿಕೊಡಲಾರದು. ಅದೃಷ್ಟವಶಾತ್ ಅಲ್ಲಿ ಬಳಕೆಯಾದ ಇಸ್ಕಿ ಸಂಕೇತ ೧೯೯೧ರಲ್ಲಿ ಭಾರತೀಯ ಮಾನಕವಾಗಿ ಪ್ರಕಟವಾದದ್ದು. ಅದೂ ಉಚ್ಚಾರಕ್ರಮವನ್ನೇ ಅನುಸರಿಸುತ್ತದೆ. ಹಾಗಾಗಿ ಹೆಚ್ಚು ಹಳೆಯದಾದ ಆ ಕಡತಗಳ ಪರಿವರ್ತನೆ ಫಾಂಟ್ ಕಡತಗಳದ್ದಕ್ಕಿಂತ ಸುಲಭ. ಸಮಾಂತರ ಪೋರ್ಟಿಗೆ ಸಿಕ್ಕಿಸುವ ಬೀಗದಿಂದ ಮಾತ್ರ ತೆರೆಯುವ ತಂತ್ರಾಂಶಗಳಿಗೆ ಅನೇಕ ವೇಳೆ ನಿಜವಾದ ಹಳೆಯ ಯಂತ್ರವೇ ಬೇಕಾಗುತ್ತದೆ.

೫. ತಾಳೆನೋಡುವುದು

ವರ್ಚುವಲ್ ಯಂತ್ರ ಸಿದ್ಧವಾದ ಮೇಲೆ ನಾವು ಅನುಸರಿಸಿದ ಕ್ರಮ ಇದು. ಎಕ್ಸ್‌ಪಿಯೊಳಗೆ ಮೂಲ ಕಡತವನ್ನು ಅದರ ಮಾರ್ಪಟ್ಟ ಫಾಂಟಿನೊಡನೆ ಒಂದು ಕಿಟಕಿಯಲ್ಲಿ ತೆರೆದು, ಪರಿವರ್ತಿತ ಪಠ್ಯವನ್ನು ಆತಿಥೇಯದಲ್ಲಿ ಪಕ್ಕಕ್ಕಿಟ್ಟು ಓದಿದೆವು. ಇಬ್ಬರು ಕುಳಿತು, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರಿವರ್ತಿತವನ್ನು ಕಣ್ಣಿಟ್ಟು ನೋಡುವುದು. ಹಸ್ತಪ್ರತಿ ಸಂಪಾದಕರ ಹಳೆಯ ಪದ್ಧತಿಯೇ. ಜೊತೆಗೆ ಆ ಫಾಂಟಿನ ಎಲ್ಲ ಸ್ಥಾನಗಳ ಆಕೃತಿಗಳನ್ನೂ ಮುದ್ರಿಸಿ, ಮೂಲ ನುಡಿ ಫಾಂಟಿನ ಆಕೃತಿಗಳೊಡನೆ ಒಂದೊಂದಾಗಿ ಹೋಲಿಸಿದೆವು. ಬದಲಾದ ಸ್ಥಾನ ಞಕಾರವೊಂದೇ ಆಗಿರಲಿಲ್ಲ. ಙಕಾರದ ಜಾಗದಲ್ಲಿ ಇನ್ನೊಂದು ಚಿಹ್ನೆಯಿತ್ತು. ಪದಾಂತ್ಯದ ಉಕಾರ ಬಹುಮಟ್ಟಿಗೆ ಅಳಿದು ವ್ಯಂಜನದ ಬಿಡುಗಡೆಯಷ್ಟೇ ಕೇಳುವ ಕಡೆಗಳಲ್ಲಿ ಅದನ್ನು ಬಳಸಲಾಗಿತ್ತು. ಪರಿವರ್ತಿತ ಪಠ್ಯದಲ್ಲಿ ಆ ಚಿಹ್ನೆ ಒಂದೂ ಉಳಿದಿರಲಿಲ್ಲ. ನಾವು ಬಳಸಿದ ಪರಿವರ್ತಕ ಪದಾಂತ್ಯದಲ್ಲಿ ಆ ಸಂಕೇತವನ್ನು ಕಸವೆಂದು ಬಿಟ್ಟುಬಿಟ್ಟಿತ್ತು. ‘ಬಞಡ’ ಕಣ್ಣಿಗೆ ಚುಚ್ಚಿತಾದ್ದರಿಂದ ಸಿಕ್ಕಿತು. ಇದು ಕಾಣಿಸಿಕೊಳ್ಳದೆ ಹೋಗಿದ್ದರಿಂದ ಸಿಕ್ಕಿರಲಿಲ್ಲ.

ಎರಡೂ ಚಿಹ್ನೆಗಳಿಗೆ ಈಗ ಅಂತರರಾಷ್ಟ್ರೀಯ ಧ್ವನಿಲಿಪಿಯ ಯೂನಿಕೋಡ್ ಸಂಕೇತಗಳನ್ನು ಕೊಟ್ಟು, ಕನ್ನಡ ಲಿಪಿಯ ರೂಪವನ್ನು ಪ್ರತ್ಯೇಕ ಕಲಮಿನಲ್ಲಿ ಇರಿಸಿದ್ದೇವೆ. ಹಕಾರ ಲೋಪವಾದ ‘ಆಲು’, ‘ಓಯ್ತೀನಿ’ ಮೊದಲಾದ ರೂಪಗಳನ್ನು ಯಾರೂ ‘ಹಾಲು’, ‘ಹೋಗುತ್ತೇನೆ’ ಎಂದು ತಿದ್ದದಂತೆ ಅವುಗಳ ಎದುರಿಗೆ ಮೂಲ ಪುಟದ ಪರದೆಚಿತ್ರವನ್ನು ಲಗತ್ತಿಸಿದ್ದೇವೆ. ಡಿಸ್ಕ್ ಬಿಂಬ, ಮಾರ್ಪಟ್ಟ ಫಾಂಟ್, ಪರಿವರ್ತಿತ ಪಠ್ಯ ಮೂರೂ ಒಂದೇ ಸಂಗ್ರಹದಲ್ಲಿವೆ.

ಆರಂಭದಲ್ಲಿ ನಾವು ತಿದ್ದಿ ಮುಗಿಸಿದ್ದ ಎರಡು ಕಡತಗಳಲ್ಲಿ ಮದ್ದೂರಿನದು ಡಿಸ್ಕ್ ಬಿಂಬದಲ್ಲಿ ಮೂಲರೂಪದಲ್ಲಿಯೇ ದೊರೆಯಿತು. ಮಳವಳ್ಳಿಯದರ ಒಂದು ಭಾಗ ಬಿಂಬದಲ್ಲಿ ಇಲ್ಲ. ಅದು ಬೇರೊಂದು ಯಂತ್ರದಲ್ಲಿ ಬೆರಳಚ್ಚಾಗಿರಬೇಕು, ಆ ಯಂತ್ರ ಈಗ ಎಲ್ಲಿದೆಯೋ ತಿಳಿಯದು. ಆ ಭಾಗದ ‘ಬೇಡ’, ‘ಮೇಲೆ’, ‘ಪೇಟೆ’ಗಳು ಮಾತನಾಡಿದವರವೋ ನಮ್ಮವೋ ಎಂದು ಹೇಳಲು ಈಗ ಸಾಧ್ಯವಿಲ್ಲ. ಅವುಗಳನ್ನು ಸ್ವರವಿಶ್ಲೇಷಣೆಯಿಂದ ಹೊರಗಿಟ್ಟು, ಪ್ರತಿಯೊಂದರ ಎದುರಿಗೂ ‘ಸಂಪಾದಕರಿಂದ ಬದಲಾಗಿರಬಹುದು’ ಎಂದು ನಮೂದಿಸಿದ್ದೇವೆ.